ಕಂಠ ಮಾಗುವ ತನಕ

— ಹದಿನೇಳನೆಯ ವಯಸ್ಸಿಗೆ ಶುರು ಮಾಡಿದರೆ ತಡವಾಗಲಿಲ್ಲವೇ ಅಕ್ಕಾ? ಮಗಳು ಒಪೆರಾ ಹಾಡುತ್ತೇನೆ, ಅದೇ ನನ್ನ ವೃತ್ತಿ ಎಂದು ಪಟ್ಟು ಹಿಡಿದಿದ್ದಾಳೆ. ನಮ್ಮ ಕಡೆ ಐದಾರು ವರ್ಷಕ್ಕೇ ಸರಳೆವರಸೆಗೆ ಕೂರಿಸುತ್ತಾರೆ, ಹತ್ತು ತುಂಬುವಷ್ಟರಲ್ಲಿ ವರ್ಣ ಬಾಯಿಗೆ ಬಂದಿರುತ್ತದೆ. ಇವಳು ಶಾಲೆಯ ಕಾಯಿರ್‌ನಲ್ಲಿ ಹಾಡಿದ್ದಾಳೆ, ಪಿಯಾನೊದಲ್ಲಿ ಕೆಲವು ಗ್ರೇಡ್ ಪರೀಕ್ಷೆ ಮುಗಿಸಿದ್ದಾಳೆ. ಅಷ್ಟೇ.

— ತಡವಲ್ಲ. ಪಿಟೀಲು ಕಲಿಯುತ್ತೇನೆ ಎಂದಿದ್ದರೆ ನಾನೇ ಬೇಡ ಎನ್ನುತ್ತಿದ್ದೆ. ಹಾಡುವವರ ವಾದ್ಯ ಆ ವಯಸ್ಸಿನಲ್ಲಿ ಇನ್ನೂ ಮೈಯೊಳಗೆ ಬೆಳೆಯುತ್ತಿರುತ್ತದೆ. ಇಟಲಿಯ ಮೊಡೆನಾ ಊರಿನ ಮಿರೆಲ್ಲಾ ಫ್ರೆನಿಯ ಕಥೆ ಕೇಳು. ಚಿಕ್ಕ ಹುಡುಗಿಯಾಗಿದ್ದಾಗಲೇ ರೇಡಿಯೊ ಸ್ಪರ್ಧೆಯಲ್ಲಿ ಪುಚ್ಚೀನಿಯ ಕಷ್ಟದ ಹಾಡೊಂದನ್ನು ಹಾಡಿದಳು. ಕೇಳಿದವರು ಟೆನರ್ ಬೆನಿಯಾಮಿನೊ ಜೀಲಿ, ಆ ಕಾಲದ ಮಹಾಗಾಯಕ. ಈಗಲೇ ಹಾಡಿದರೆ ಕಂಠ ಕೆಡುತ್ತದೆ, ದೊಡ್ಡವಳಾಗುವವರೆಗೆ ನಿಲ್ಲಿಸು ಎಂದು ಅವರು ಬುದ್ಧಿ ಹೇಳಿದರು. ಹುಡುಗಿ ಕೇಳಿದಳು. ಮತ್ತೆ ಪಾಠಕ್ಕೆ ಕೂತದ್ದು ಹದಿನೇಳಕ್ಕೆ. 1955ರಲ್ಲಿ, ಇಪ್ಪತ್ತರ ಹೊತ್ತಿಗೆ, ಊರಿನ ರಂಗಮಂದಿರದಲ್ಲಿ ಮೊದಲ ಪಾತ್ರ. 2005ರಲ್ಲಿ, ಎಪ್ಪತ್ತು ತುಂಬಿದ ಮೇಲೆ, ವಾಷಿಂಗ್ಟನ್‌ನಲ್ಲಿ ಕೊನೆಯ ಪಾತ್ರ. ನಡುವೆ ಐವತ್ತು ವರ್ಷ.

— ಅಂದರೆ ಮಗಳು ಇನ್ನು ಮೂರು ವರ್ಷದಲ್ಲಿ ರಂಗದ ಮೇಲೆ ಇರಬಹುದು.

— ಇಲ್ಲ. ಫ್ರೆನಿಯ ವಿಷಯದಲ್ಲೂ ಇಪ್ಪತ್ತು ಎನ್ನುವುದು ಆರಂಭ ಮಾತ್ರ. ಆಮೇಲೆ ಮದುವೆ, ಮಗು ಎಂದು ಕೆಲವು ವರ್ಷ ಹಿಂದೆ ಸರಿದಿದ್ದಳು. ಈಗಿನ ಕಾಲದಲ್ಲಿ ನಾಲ್ಕು ವರ್ಷದ ಪದವಿ, ಎರಡು ವರ್ಷದ ಸ್ನಾತಕೋತ್ತರ, ಅದರ ಮೇಲೆ ಎರಡು ವರ್ಷ ಒಪೆರಾ ಸ್ಟುಡಿಯೊ ಅನ್ನುತ್ತಾ ಇಪ್ಪತ್ತಾರು, ಇಪ್ಪತ್ತೇಳಾಗುತ್ತದೆ. ಹಗುರ ಕಂಠದ ಸೊಪ್ರಾನೊ ಅಷ್ಟರಲ್ಲಿ ಕೆಲಸಕ್ಕೆ ಸಿದ್ಧಳಾಗಬಹುದು. ತೂಕದ ಕಂಠವಾದರೆ ಮೂವತ್ತು ದಾಟಬೇಕು. ವಾಗ್ನರ್‌ನ ಬ್ರುನ್‌ಹಿಲ್ಡೆ, ಇಸೋಲ್ಡೆ ಹಾಡುವ ಕಂಠ ಮೂವತ್ತೈದರ ಆಚೆಗೆ ತನ್ನ ನಿಜರೂಪ ತೋರಿಸುವುದೇ ಹೆಚ್ಚು.

— ಅಲ್ಲಿಯವರೆಗೆ ಅವರು ಮಾಡುವುದಾದರೂ ಏನು? ದನಿ ದೊಡ್ಡದು ಮಾಡುವುದೇ?

— ದನಿ ದೊಡ್ಡದು ಮಾಡಲು ಹೊರಟವರು ಮೊದಲು ಕೆಡುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಸುಮಾರು 3,800 ಆಸನಗಳಿವೆ. ಮೈಕ್ ಇಲ್ಲ. ವಾಗ್ನರ್ ಅಥವಾ ರಿಚರ್ಡ್ ಸ್ಟ್ರಾಸ್ ಆದರೆ ರಂಗದ ಮುಂದಿನ ಹಳ್ಳದಲ್ಲಿ ನೂರರ ಹತ್ತಿರ ವಾದ್ಯಗಾರರು. ಆ ಶಬ್ದದ ಮೇಲೆ ಕೂಗಿ ಗೆಲ್ಲುವ ಗಂಟಲು ಮನುಷ್ಯರಿಗೆ ಇಲ್ಲ. ಸ್ವೀಡನ್ನಿನ ಯೋಹಾನ್ ಸುಂಡ್‌ಬೆರಿ ಎಂಬ ವಿಜ್ಞಾನಿ ಇದನ್ನು ಅಳೆದು ನೋಡಿದರು. ವಾದ್ಯವೃಂದದ ಶಬ್ದಕ್ಕೆ ಹೆಚ್ಚು ಬಲ ಇರುವುದು ಸುಮಾರು 500 ಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿಂದ ಮೇಲೆ ಹೋದಂತೆ ಬಲ ಇಳಿಯುತ್ತದೆ. ಪಳಗಿದ ಒಪೆರಾ ಗಾಯಕನ, ಮುಖ್ಯವಾಗಿ ಗಂಡು ದನಿಗಳ, ಕಂಠದಲ್ಲಿ 3,000 ಹರ್ಟ್ಸ್ ಸುತ್ತ ಒಂದು ಹೆಚ್ಚುವರಿ ಹೊಳಪು ಇರುತ್ತದೆ. ವಾದ್ಯವೃಂದ ಬಿಟ್ಟುಕೊಟ್ಟ ಜಾಗ ಅದು. ನಮ್ಮ ಕಿವಿ ಬಹಳ ಚುರುಕಾಗಿರುವುದೂ ಅಲ್ಲಿಯೇ. ಧ್ವನಿಪೆಟ್ಟಿಗೆಯನ್ನು ಸ್ವಲ್ಪ ಇಳಿಸಿ, ಗಂಟಲನ್ನು ಅಗಲಿಸಿ, ಉಸಿರಿನ ಒತ್ತಡವನ್ನು ಪಕ್ಕೆಲುಬುಗಳಿಂದ ಹಿಡಿದು ಬಿಡುವುದನ್ನು ಕಲಿತರೆ ಆ ಹೊಳಪು ಬರುತ್ತದೆ. ಅದೆಲ್ಲ ಯೋಚಿಸದೆ ತಾನಾಗಿ ಆಗಬೇಕು, ಅದೂ ಓಡುತ್ತಾ, ಕತ್ತಿ ಬೀಸುತ್ತಾ, ಮಂಚದ ಮೇಲೆ ಮಲಗಿ ಸಾಯುತ್ತಾ. ಹತ್ತು ವರ್ಷ ಹಿಡಿಯುವುದು ಅದಕ್ಕೆ.

— ಸೊಪ್ರಾನೊಗಳು ತಾರಕಕ್ಕೆ ಹೋದಾಗ ಮಾತೇ ಕೇಳಿಸುವುದಿಲ್ಲ ಎಂಬ ದೂರು ನನ್ನದು.

— ನಿನ್ನ ದೂರು ನಿಜ, ಆದರೆ ಅದು ಗಾಯಕಿಯ ತಪ್ಪಲ್ಲ. ಸ್ವರ ಬಹಳ ಮೇಲೇರಿದಾಗ ಬಾಯಿಯ ಆಕಾರವನ್ನು ಆ ಸ್ವರದ ಅನುರಣನಕ್ಕೆ ಹೊಂದಿಸಿಕೊಳ್ಳಬೇಕು. ದವಡೆ ಇಳಿಯಲೇಬೇಕು. ಇ, ಉ ಎಂಬ ಭೇದ ಅಲ್ಲಿ ಉಳಿಯುವುದಿಲ್ಲ. ಉಳಿಸಲು ಹೋದರೆ ದನಿ ಸಣ್ಣಗಾಗಿ ವಾದ್ಯದಲ್ಲಿ ಮುಳುಗುತ್ತದೆ. ಅದಕ್ಕೇ ಒಳ್ಳೆಯ ರಚನಕಾರರು ಮುಖ್ಯವಾದ ಮಾತನ್ನು ಮಧ್ಯದ ಸ್ವರಗಳಲ್ಲಿ ಇಡುತ್ತಾರೆ.

— ದಿನಕ್ಕೆ ಎಷ್ಟು ಗಂಟೆ ಸಾಧನೆ? ನಮ್ಮ ಧಾರವಾಡದ ದೊಡ್ಡವರು ಬೆಳಗಿನ ಜಾವದ ಷಡ್ಜದಿಂದ ಹಿಡಿದು ಆರೆಂಟು ಗಂಟೆ ಮಾಡಿದ ಕಥೆಗಳಿವೆ.

— ಪೂರ್ತಿ ಕಂಠ ಬಿಟ್ಟು ಹಾಡುವುದು ಒಂದೆರಡು ಗಂಟೆಗಿಂತ ಹೆಚ್ಚಿಲ್ಲ. ಉಳಿದದ್ದು ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ. ಸಾಹಿತ್ಯವನ್ನು ಪದಪದವಾಗಿ ಅರ್ಥ ಮಾಡಿಕೊಳ್ಳುವುದು, ಲಯ ಹಾಕಿ ಓದುವುದು, ಪಿಯಾನೊದ ಮುಂದೆ ಕೂತು ಬೇರೆ ಪಾತ್ರಗಳ ಗೆರೆಗಳನ್ನೂ ಕಲಿಯುವುದು. ಇಟಾಲಿಯನ್, ಜರ್ಮನ್, ಫ್ರೆಂಚ್ ಮೂರೂ ಬೇಕು. ರಷ್ಯನ್, ಚೆಕ್ ಬಂದರೆ ಒಳ್ಳೆಯದು. ಇಲ್ಲಿ ನಿನ್ನ ಮಗಳಿಗೆ ಒಂದು ಅನುಕೂಲ ಇದೆ, ಅದನ್ನು ಅವಳಿಗೆ ಹೇಳು. ಇಟಾಲಿಯನ್‌ನ ತ, ದ ಎರಡೂ ಹಲ್ಲಿನವು, ನಮ್ಮ ತಕಾರ ದಕಾರದಂತೆಯೇ. ಒತ್ತಕ್ಷರವನ್ನು ನಿಂತು ಹೇಳುವುದು ಇಂಗ್ಲೆಂಡ್, ಅಮೆರಿಕದ ಮಕ್ಕಳಿಗೆ ವರ್ಷಗಟ್ಟಲೆ ಕಾಡುತ್ತದೆ. ಕನ್ನಡದ ಬಾಯಿಗೆ ಅದು ಹುಟ್ಟಿನಿಂದಲೇ ಬಂದಿದೆ. ಸ್ವರಾಕ್ಷರಗಳನ್ನು ಶುದ್ಧವಾಗಿ, ಬಳುಕಿಸದೆ ಎಳೆಯುವುದೂ ಬಂದಿದೆ. ಅವಳು ಒದ್ದಾಡುವುದು ಜರ್ಮನ್‌ನಲ್ಲಿ. ತುಟಿ ಮುಂದೆ ಚಾಚಿ ಹೇಳುವ ಅದರ ಸ್ವರಗಳು ನಮ್ಮಲ್ಲಿಲ್ಲ, ಪದದ ಕೊನೆಯಲ್ಲಿ ಮೂರು ನಾಲ್ಕು ವ್ಯಂಜನ ಒಟ್ಟಿಗೆ ಬಂದರೆ ನಮ್ಮವರು ತಿಳಿಯದೆಯೇ ಒಂದು ಉಕಾರ ಸೇರಿಸಿಬಿಡುತ್ತಾರೆ.

— ಕಡಿಮೆ ಹಾಡಿ ಎಂದು ಹೇಳುವ ಗುರುಗಳು ನಮಗೆ ವಿಚಿತ್ರ.

— ಅದಕ್ಕೆ ಹಳೆಯ ಕಾರಣ ಇದೆ. 1841ರಲ್ಲಿ ಸ್ವೀಡನ್ನಿನ ಯೆನ್ನಿ ಲಿಂಡ್ ಪ್ಯಾರಿಸ್ಸಿಗೆ ಮಾನುವೆಲ್ ಗಾರ್ಸಿಯಾ ಅವರ ಬಳಿ ಬಂದಳು. ವಯಸ್ಸು ಇಪ್ಪತ್ತು. ಹದಿನೇಳಕ್ಕೇ ಸ್ಟಾಕ್‌ಹೋಮಿನಲ್ಲಿ ನಾಯಕಿಯಾಗಿ, ಬಿಡುವಿಲ್ಲದೆ ಹಾಡಿ ಕಂಠ ಸವೆದಿತ್ತು. ಗಾರ್ಸಿಯಾ ಮೊದಲು ಪಾಠ ಹೇಳಲು ಒಪ್ಪಲಿಲ್ಲ. ಆರು ವಾರ ಹಾಡಬೇಡ, ಆದಷ್ಟು ಮಾತೂ ಬೇಡ, ಆಮೇಲೆ ನೋಡೋಣ ಎಂದರು. ಅವಳು ಹಾಗೇ ಮಾಡಿ ಮರಳಿದಳು. ಮೊದಲಿನಿಂದ ಕಲಿತಳು. ಮುಂದೆ ಯುರೋಪು, ಅಮೆರಿಕ ಎರಡೂ ಅವಳ ಹಿಂದೆ ಓಡಿದವು. ಗಾರ್ಸಿಯಾ ಸಾಮಾನ್ಯ ಗುರು ಅಲ್ಲ. 1854ರಲ್ಲಿ ಪುಟ್ಟ ಕನ್ನಡಿ ಹಿಡಿದು ತನ್ನದೇ ಧ್ವನಿತಂತುಗಳು ಅಲುಗುವುದನ್ನು ನೋಡಿದವರು. ಇವತ್ತು ಗಂಟಲಿನ ವೈದ್ಯರು ಮಾಡುವ ಪರೀಕ್ಷೆ ಅಲ್ಲಿಂದ ಬಂದದ್ದು. 1805ರಲ್ಲಿ ಹುಟ್ಟಿ 1906ರವರೆಗೆ ಬದುಕಿದರು. ಕಂಠದ ಬಗ್ಗೆ ಅಷ್ಟು ತಿಳಿದಿದ್ದ ಮನುಷ್ಯ ಮೊದಲ ಔಷಧವಾಗಿ ಮೌನ ಬರೆದುಕೊಟ್ಟದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

— ಆದರೂ ನನಗೊಂದು ಒಪ್ಪಿಗೆಯಾಗುತ್ತಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಎಂಬತ್ತರ ಹೊಸ್ತಿಲಲ್ಲೂ ಹಾಡಿದರು. ಗಂಗೂಬಾಯಿ ಹಾನಗಲ್ಲರ ಕಂಠ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಪೂರ್ತಿ ಬದಲಾಯಿತು, ಗಂಡು ದನಿಯಷ್ಟು ಆಳಕ್ಕೆ ಇಳಿಯಿತು. ಅದೇ ಕಂಠದಿಂದ ಅವರು ಕಿರಾನಾ ಘರಾನೆಯ ಶಿಖರ ಮುಟ್ಟಿದರು. ಫ್ರೆನಿಯಂಥವರನ್ನು ಬಿಟ್ಟರೆ ನಿಮ್ಮ ಒಪೆರಾದವರು ಐವತ್ತೈದು, ಅರವತ್ತಕ್ಕೆ ಮುಗಿದುಹೋಗುತ್ತಾರಲ್ಲ. ಇಷ್ಟು ಜೋಪಾನ ಮಾಡಿ ಸಿಕ್ಕಿದ್ದು ಅಷ್ಟೇ ಏನು?

— ಒಳ್ಳೆಯ ಪ್ರಶ್ನೆ, ಇದರಲ್ಲೇ ಇಡೀ ವೃತ್ತಿಯ ಕಷ್ಟ ಅಡಗಿದೆ. ಗಂಗೂಬಾಯಿಯವರು ತಮ್ಮ ಷಡ್ಜವನ್ನು ತಾವೇ ಇಟ್ಟುಕೊಳ್ಳಬಹುದಿತ್ತು. ಕಂಠ ಇಳಿದರೆ ತಂಬೂರಿಯ ಶ್ರುತಿ ಇಳಿಸಿದರಾಯಿತು. ರಾಗ ಅದೇ, ಬಂದಿಶ್ ಅದೇ, ಹೊಸ ಕಂಠಕ್ಕೆ ತಕ್ಕ ಹೊಸ ಗಾಂಭೀರ್ಯ. ಒಪೆರಾದಲ್ಲಿ ಆ ಸ್ವಾತಂತ್ರ್ಯ ಇಲ್ಲ. ಮೊಜಾರ್ಟ್ ಬರೆದ ಸ್ವರ ಬರೆದ ಎತ್ತರದಲ್ಲೇ ಬರಬೇಕು, ಇಡೀ ವಾದ್ಯವೃಂದ ಒಂದೇ ಶ್ರುತಿಗೆ ಕೂತಿರುತ್ತದೆ. ಗಂಗೂಬಾಯಿಯವರಿಗೆ ಆದದ್ದು ಒಬ್ಬ ಸೊಪ್ರಾನೊಗೆ ಆಗಿದ್ದರೆ ಅವಳು ಕಲಿತ ಒಂದೊಂದು ಪಾತ್ರವೂ ಅಂದೇ ಕೈಬಿಟ್ಟುಹೋಗುತ್ತಿತ್ತು. ನಮ್ಮ ಸಂಗೀತದಲ್ಲಿ ಹಾಡು ಹಾಡುವವರ ವಯಸ್ಸಿಗೆ ಬಾಗುತ್ತದೆ. ಅಲ್ಲಿ ಪಾತ್ರ ಬಾಗುವುದಿಲ್ಲ. ಯಾವ ಪಾತ್ರಕ್ಕೆ ಯಾವ ವಯಸ್ಸಿನಲ್ಲಿ ಹೋಗಬೇಕು, ಯಾವಾಗ ಬಿಡಬೇಕು ಎಂಬ ಲೆಕ್ಕ ಗಾಯಕಿಯ ತಲೆಯ ಮೇಲೆ. ಸ್ವರ ಹಾಡಲು ಬಂದ ಮಾತ್ರಕ್ಕೆ ಪಾತ್ರ ಹಾಡಬಾರದು. ಇದನ್ನು ಕಾಲೇಜಿನಲ್ಲಿ ಹೇಳಿಕೊಡುವವರು ಕಡಿಮೆ, ತಪ್ಪಿದರೆ ತೆರುವ ಬೆಲೆ ಮಾತ್ರ ಬಹಳ.

— ಫ್ರೆನಿ ಹೇಗೆ ಲೆಕ್ಕ ಹಾಕಿದಳು?

— ಬೇಡ ಎನ್ನುತ್ತಾ. ಹರ್ಬರ್ಟ್ ಫಾನ್ ಕಾರಾಯಾನ್ ಆ ಕಾಲದ ಅತಿ ಪ್ರಬಲ ಸಂಗೀತ ನಿರ್ದೇಶಕ. ಅವನು ಒಪ್ಪಿದರೆ ಸಾಲ್ಜ್‌ಬರ್ಗ್, ವಿಯೆನ್ನಾ, ಧ್ವನಿಮುದ್ರಣದ ಕಂಪನಿ ಎಲ್ಲವೂ ಒಪ್ಪಿದಂತೆ. ಅವನಿಗೆ ಫ್ರೆನಿ ಎಂದರೆ ಅಪಾರ ಪ್ರೀತಿ. ಅವನು ಟುರಾಂಡೋಟ್ ಎಂಬ ತೂಕದ ಪಾತ್ರ ಹಾಡು ಎಂದಾಗ ಅವಳು ಒಪ್ಪಲಿಲ್ಲ. ‘ಮದಾಮ ಬಟರ್‌ಫ್ಲೈ’ ಅವನ ನಿರ್ದೇಶನದಲ್ಲೇ ಧ್ವನಿಮುದ್ರಣಕ್ಕೂ ಸಿನಿಮಾಕ್ಕೂ ಹಾಡಿದಳು, ರಂಗದ ಮೇಲೆ ಆ ಪಾತ್ರವನ್ನು ಜೀವನದಲ್ಲಿ ಒಮ್ಮೆಯೂ ಮಾಡಲಿಲ್ಲ. ಸ್ಟುಡಿಯೊದಲ್ಲಿ ಒಂದೊಂದು ಭಾಗ ಹಾಡಿ ವಿಶ್ರಮಿಸಬಹುದು. ರಂಗದ ಮೇಲೆ ಆ ಹುಡುಗಿ ಹೆಚ್ಚುಕಡಿಮೆ ಇಡೀ ಸಂಜೆ ನಿಂತು, ಅಳು ನುಂಗಿಕೊಂಡು ಹಾಡಬೇಕು. ಇಪ್ಪತ್ತು ಮೂವತ್ತರಲ್ಲಿ ಸುಸಾನಾ, ಮಿಮಿಯಂಥ ಹಗುರ ಪಾತ್ರಗಳು. ನಲವತ್ತರ ನಂತರ ವೆರ್ಡಿಯ ತೂಕದ ರಾಣಿಯರು. ಐವತ್ತರ ಆಸುಪಾಸಿನಿಂದ ಚೈಕೋವ್ಸ್ಕಿ. ಅವಳ ಪಾತ್ರಗಳನ್ನು ವರ್ಷದ ಪ್ರಕಾರ ಬರೆದುಕೊಂಡು ನೋಡು, ಒಂದು ಕಂಠ ಹೇಗೆ ತುಂಬುತ್ತಾ ಬರುತ್ತದೆ ಎಂಬುದರ ನಕ್ಷೆಯೇ ಸಿಗುತ್ತದೆ.

— ಆದರೆ ಮಾರಿಯಾ ಕ್ಯಾಲಸ್? ಅವರು ಬೇಡ ಎನ್ನದೆ ತಾನೇ ಕ್ಯಾಲಸ್ ಆದದ್ದು?

— ಹೌದು, ನಿನ್ನ ಮಾತು ತೂಕದ್ದು. 1949ರಲ್ಲಿ ವೆನಿಸ್ಸಿನಲ್ಲಿ ವಾಗ್ನರ್‌ನ ಬ್ರುನ್‌ಹಿಲ್ಡೆ ಹಾಡುತ್ತಿದ್ದಳು. ಬೆಲ್ಲೀನಿಯ ‘ಇ ಪುರಿತಾನಿ’ಯ ಗಾಯಕಿ ಕಾಯಿಲೆ ಬಿದ್ದಳು. ಕೆಲವೇ ದಿನಗಳಲ್ಲಿ ಆ ಹಕ್ಕಿಯಂಥ ಹಗುರ ಪಾತ್ರವನ್ನು ಕಲಿತು ಹಾಡಿಬಿಟ್ಟಳು. ವಯಸ್ಸು ಇಪ್ಪತ್ತೈದು. ಹಾಗೆ ಎರಡು ತುದಿ ಮುಟ್ಟುವವರು ಇದ್ದಾರೆ ಎಂದು ಯಾರೂ ನಂಬಿರಲಿಲ್ಲ. ಅವಳು ಕೊಟ್ಟದ್ದು ಬೇರೆ ಯಾರಿಂದಲೂ ಸಿಗುವಂಥದ್ದಲ್ಲ. 1965ರಲ್ಲಿ ಲಂಡನ್ನಿನಲ್ಲಿ ‘ತೋಸ್ಕಾ’ ಹಾಡಿದ್ದು ರಂಗದ ಮೇಲೆ ಅವಳ ಕೊನೆಯ ಒಪೆರಾ. ಆಗ ನಲವತ್ತೊಂದು. ಕಾರಣಗಳ ಬಗ್ಗೆ ಇವತ್ತಿಗೂ ವಾದ ನಡೆಯುತ್ತದೆ, ನಾನು ಅದಕ್ಕೆ ಕೈಹಾಕುವುದಿಲ್ಲ. ಕ್ಯಾಲಸ್ಸನ್ನು ಕೇಳುವಾಗ ನನಗೆ ಕಣ್ಣು ತುಂಬುತ್ತದೆ, ಶಿಷ್ಯರಿಗೆ ದಾರಿ ತೋರಿಸುವಾಗ ಫ್ರೆನಿಯತ್ತ ಕೈ ತೋರುತ್ತೇನೆ.

— ಸರಿ, ಓದು ಮುಗಿಯಿತು ಎಂದುಕೊಳ್ಳೋಣ. ಕೆಲಸ ಎಲ್ಲಿ?

— ಅಮೆರಿಕದಲ್ಲಿ ದೊಡ್ಡ ಒಪೆರಾ ಸಂಸ್ಥೆಗಳು ಯುವ ಗಾಯಕರನ್ನು ತಾವೇ ಸಾಕುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದ ಮೆರೋಲಾ 1957ರಿಂದ ಇದೆ, ಮೆಟ್ರೊಪಾಲಿಟನ್‌ನ ಲಿಂಡೆಮನ್ 1980ರಿಂದ. ಲಂಡನ್, ಜ್ಯೂರಿಕ್, ಮ್ಯೂನಿಕ್, ಮಿಲಾನ್‌ನಲ್ಲೂ ಇಂಥವಿವೆ. ಸಂಬಳ, ಪಾಠ, ಸಣ್ಣ ಪಾತ್ರ, ದೊಡ್ಡ ಪಾತ್ರಕ್ಕೆ ಬದಲಿಯಾಗಿ ಸಿದ್ಧರಿರುವ ಅವಕಾಶ. ನೂರಾರು ಜನ ಅರ್ಜಿ ಹಾಕುತ್ತಾರೆ, ಬೆರಳೆಣಿಕೆಯಷ್ಟು ಜನ ಒಳಗೆ ಹೋಗುತ್ತಾರೆ. ಸ್ಪರ್ಧೆಗಳೂ ಇವೆ. ಅವುಗಳ ಫಲಿತಾಂಶವನ್ನು ಹಣೆಬರಹ ಎಂದುಕೊಳ್ಳಬೇಡಿ. 1989ರ ಕಾರ್ಡಿಫ್ ಸ್ಪರ್ಧೆಯಲ್ಲಿ ರಷ್ಯಾದ ದ್ಮಿತ್ರಿ ಹ್ವೊರೊಸ್ತೋವ್ಸ್ಕಿ ಗೆದ್ದ, ವೇಲ್ಸ್‌ನದೇ ಹುಡುಗ ಬ್ರಿನ್ ಟೆರ್ಫೆಲ್‌ಗೆ ಹಾಡುಗಳ ವಿಭಾಗದ ಬಹುಮಾನ ಬಂತು. ಇಬ್ಬರೂ ಜಗತ್ತಿನ ರಂಗಗಳನ್ನು ಆಳಿದರು.

ನಾನು ಹೆಚ್ಚು ಬಲ್ಲದ್ದು ಜರ್ಮನಿ. ಎಷ್ಟೋ ವರ್ಷ ಅಲ್ಲಿ ತಾಲೀಮಿನ ಪಿಯಾನೊ ನುಡಿಸಿದ್ದರಿಂದ ಹೇಳುತ್ತೇನೆ, ಹೊಸ ಕಂಠಕ್ಕೆ ಅದಕ್ಕಿಂತ ಒಳ್ಳೆಯ ನೆಲ ಇಲ್ಲ. ಸರ್ಕಾರದ ಹಣದಿಂದ ನಡೆಯುವ ಒಪೆರಾ ಮನೆಗಳು ಎಂಬತ್ತರಷ್ಟಿವೆ. ನಮ್ಮ ಜಿಲ್ಲಾ ಕೇಂದ್ರದಷ್ಟು ಊರಿಗೂ ತನ್ನದೇ ಗಾಯಕರ ತಂಡ, ವಾದ್ಯವೃಂದ, ಕೋರಸ್. ಮನೆಗಳು ಚಿಕ್ಕವು, ಎಷ್ಟೋ ಕಡೆ ಆಸನ ಸಾವಿರಕ್ಕೂ ಕಡಿಮೆ. ಇಪ್ಪತ್ತೆಂಟರ ಕಂಠ ಅಲ್ಲಿ ಒತ್ತಡವಿಲ್ಲದೆ ದೊಡ್ಡ ಪಾತ್ರ ಕಲಿಯಬಹುದು. ಕಾಯಂ ತಂಡಕ್ಕೆ ಸೇರಿದರೆ ತಿಂಗಳ ಸಂಬಳ, ಆರೋಗ್ಯ ವಿಮೆ, ಪಿಂಚಣಿಗೆ ಕೂಡಿಕೆ. ಒಂದು ವರ್ಷಕ್ಕೆ ಐದರಿಂದ ಹತ್ತು ಪಾತ್ರ. ಬೆಳಿಗ್ಗೆ ಹತ್ತಕ್ಕೆ ಮುಂದಿನ ನಾಟಕದ ತಾಲೀಮು, ಸಂಜೆ ಇವತ್ತಿನ ಪ್ರದರ್ಶನ. ಡಿಸೆಂಬರ್ ಬಂತೆಂದರೆ ಮಕ್ಕಳಿಗಾಗಿ ‘ಹೆನ್ಸೆಲ್ ಮತ್ತು ಗ್ರೇಟೆಲ್’ ದಿನ ಬಿಟ್ಟು ದಿನ.

— ಅಷ್ಟು ಹಾಡಿದರೆ ಗಾರ್ಸಿಯಾ ಹೇಳಿದ ಮೌನ ಎಲ್ಲಿ ಉಳಿಯಿತು?

— ಅದಕ್ಕೆ ಎರಡು ಕಾವಲು. ಒಂದು, ತಾಲೀಮಿನಲ್ಲಿ ಅರ್ಧ ಕಂಠದಲ್ಲಿ ಗುರುತು ಮಾತ್ರ ಹಾಕುತ್ತಾ ಹಾಡುವುದು. ಮೇಲಿನ ಸ್ವರವನ್ನು ಕೆಳಗಿನ ಸ್ಥಾಯಿಯಲ್ಲಿ ತೋರಿಸಿ ಮುಂದೆ ಹೋಗುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನೊಂದು, ಫಾಖ್ ಎಂಬ ಕಂಠವರ್ಗಗಳ ಏರ್ಪಾಡು. ಸೊಪ್ರಾನೊ, ಮೆಟ್ಸೊ, ಟೆನರ್, ಬ್ಯಾರಿಟೋನ್, ಬಾಸ್ ಎಂಬ ದೊಡ್ಡ ವಿಂಗಡಣೆಯೊಳಗೆ ಇಪ್ಪತ್ತೈದರ ಆಸುಪಾಸು ಒಳವರ್ಗಗಳಿವೆ. ಕ್ಲೋಯ್ಬರ್ ಎಂಬಾತನ ಕೈಪಿಡಿಯಲ್ಲಿ ಯಾವ ಪಾತ್ರ ಯಾವ ವರ್ಗದ್ದು ಎಂದು ಬರೆದಿಟ್ಟಿದೆ. ನಿನ್ನನ್ನು ಹಗುರ ಭಾವಗೀತೆಯ ಸೊಪ್ರಾನೊ ಎಂದು ಸೇರಿಸಿಕೊಂಡಿದ್ದರೆ, ಸಾಲೊಮೆಯಂಥ ತೂಕದ ಪಾತ್ರ ಹಾಡು ಎಂದು ಒಪೆರಾ ಮನೆಯವರು ಒತ್ತಾಯಿಸುವುದು ಕಷ್ಟ. ಇದರಿಂದ ಬೇಸತ್ತವರೂ ಇದ್ದಾರೆ, ನಮ್ಮನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿದರು ಎನ್ನುತ್ತಾರೆ. ನಾನು ಆ ಡಬ್ಬಿಯ ಪರ. ಎಳೆಯ ಕಂಠಕ್ಕೆ ಬೇಡ ಎನ್ನುವ ಧೈರ್ಯ ಬಂದಿರುವುದಿಲ್ಲ, ಅದಕ್ಕೆ ಬದಲಾಗಿ ಕಾಗದ ಬೇಡ ಎನ್ನುತ್ತದೆ.

— ಸಂಬಳ, ವಿಮೆ, ಕಾವಲು. ಇಷ್ಟೆಲ್ಲ ಇದ್ದ ಮೇಲೆ ಅಳುಕು ಯಾಕೆ?

— ಕರಾರು ವರ್ಷದ್ದು. ಮುಂದಿನ ಋತುವಿಗೆ ಬೇಡ ಎನ್ನುವುದಿದ್ದರೆ ಸಾಮಾನ್ಯವಾಗಿ ಅಕ್ಟೋಬರ್ 31ರೊಳಗೆ ತಿಳಿಸಬೇಕು. ಆ ತಿಂಗಳ ಕೊನೆಯ ವಾರ ಕ್ಯಾಂಟೀನಿನಲ್ಲಿ ಜನ ಮಾತು ಕಡಿಮೆ ಮಾಡಿಬಿಡುತ್ತಾರೆ. ಹೊಸ ನಿರ್ದೇಶಕರು ಬಂದರೆ ತಮ್ಮವರನ್ನು ಕರೆತರುತ್ತಾರೆ, ಹಳಬರ ಅರ್ಧ ತಂಡ ಹೊರಗೆ. ಒಂದೇ ಮನೆಯಲ್ಲಿ ಹದಿನೈದು ವರ್ಷ ದಾಟಿದರೆ ತೆಗೆಯುವಂತಿಲ್ಲ. ಆ ರಕ್ಷಣೆಯೇ ಎಷ್ಟೋ ಜನರಿಗೆ ಮುಳುವಾಗುತ್ತದೆ, ಹದಿನಾಲ್ಕನೆಯ ವರ್ಷದಲ್ಲಿ ಪತ್ರ ಬರುತ್ತದೆ. ನನ್ನ ಜೊತೆ ನೂರಾರು ತಾಲೀಮು ಮಾಡಿದ ಮೆಟ್ಸೊ ಒಬ್ಬಳಿಗೆ ಹಾಗೇ ಬಂತು. ಕಂಠದಲ್ಲಿ ಏನೂ ಕೊರತೆ ಇರಲಿಲ್ಲ. ನಲವತ್ತಮೂರಕ್ಕೆ ಹೊಸ ಊರಿನಲ್ಲಿ ಇಪ್ಪತ್ತೇಳರ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಪರೀಕ್ಷೆಗೆ ಹಾಡಬೇಕಾಯಿತು. ಆ ನಿಯಮ ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು, ಅದು ನಡೆಯುತ್ತಿರುವ ರೀತಿ ಕ್ರೂರ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಸಂಬಳವೂ ದೊಡ್ಡದೇನಲ್ಲ. 2018ರಲ್ಲಿ ಕನಿಷ್ಠ ತಿಂಗಳ ವೇತನ ಎರಡು ಸಾವಿರ ಯೂರೊಗೆ ಬಂದದ್ದೇ ಸಂಘಟನೆಯ ಹೋರಾಟದಿಂದ. ಈಗ ಇನ್ನಷ್ಟು ಏರಿದೆ. ಅದೇ ಮನೆಯ ಕೋರಸ್‌ನಲ್ಲಿ ಹಾಡುವವರು ಹೊಸ ಏಕವ್ಯಕ್ತಿ ಗಾಯಕರಿಗಿಂತ ಹೆಚ್ಚು ಸಂಪಾದಿಸುವುದುಂಟು.

— ಕೋರಸ್ ಎಂದರೆ ಸೋತವರು ಸೇರುವ ಜಾಗ ಅಲ್ಲವೇ?

— ಹಾಗೆ ಮಗಳ ಮುಂದೆ ಹೇಳಬೇಡ. ವೆರ್ಡಿಯ ‘ನಬುಕ್ಕೊ’ದಲ್ಲಿ ಗುಲಾಮರ ವೃಂದಗಾನ ಕೇಳಿದವರು ಆ ಮಾತು ಆಡುವುದಿಲ್ಲ. ಅವರೂ ಅದೇ ಕಾಲೇಜುಗಳಲ್ಲಿ ಅಷ್ಟೇ ವರ್ಷ ಓದಿದವರು, ಒಂದು ಋತುವಿನಲ್ಲಿ ಹತ್ತಾರು ಒಪೆರಾ ಬಾಯಿಪಾಠ ಇಟ್ಟುಕೊಂಡಿರುತ್ತಾರೆ. ಸ್ಥಿರವಾದ ಊರು, ಮಕ್ಕಳಿಗೆ ಒಂದೇ ಶಾಲೆ, ದಿನವೂ ಸಂಗೀತ. ಸೊಪ್ರಾನೊಗಳು ಕಾಲೇಜಿನಿಂದ ಹೊರಬರುವಷ್ಟು ಪಾತ್ರಗಳು ಜಗತ್ತಿನಲ್ಲಿ ಇಲ್ಲ. ಟೆನರ್‌ಗೆ ಸಿಗುವ ಬೇಡಿಕೆ ನಿನ್ನ ಮಗಳಿಗೆ ಸಿಗುವುದಿಲ್ಲ. ಇದನ್ನು ಮೊದಲೇ ತಿಳಿದು ಹೋಗಬೇಕು.

— ಸ್ವತಂತ್ರವಾಗಿ ಊರೂರು ಸುತ್ತಿ ಹಾಡುವವರು?

— ಅವರಿಗೆ ಪ್ರದರ್ಶನಕ್ಕೆ ಇಷ್ಟು ಎಂದು ಸಂಭಾವನೆ. ಎಷ್ಟೋ ಕಡೆ ಆರು ವಾರದ ತಾಲೀಮಿಗೆ ಬೇರೆ ಹಣ ಇಲ್ಲ. ನೆಗಡಿಯಾಗಿ ಪ್ರದರ್ಶನ ತಪ್ಪಿದರೆ ಆ ರಾತ್ರಿಯ ಹಣವೂ ಇಲ್ಲ. ಮನೆಬಾಡಿಗೆ, ಏಜೆಂಟರ ಪಾಲು ಕೈಯಿಂದ. 2020ರ ಮಾರ್ಚಿನಲ್ಲಿ ರಂಗಮಂದಿರಗಳು ಮುಚ್ಚಿದಾಗ ಹೆಸರಾಂತ ಗಾಯಕರೂ ಒಂದೇ ವಾರದಲ್ಲಿ ವರ್ಷದ ಕರಾರುಗಳನ್ನು ಕಳೆದುಕೊಂಡರು. ಮೆಟ್ರೊಪಾಲಿಟನ್ ಮತ್ತೆ ಬಾಗಿಲು ತೆರೆದದ್ದು 2021ರ ಸೆಪ್ಟೆಂಬರಿನಲ್ಲಿ. ಆ ನಡುವೆ ಬೇರೆ ಕೆಲಸ ಹಿಡಿದು ಮರಳದೇ ಹೋದವರಿದ್ದಾರೆ.

— ಬೇರೆಯವರು ಕಾಯಿಲೆ ಬಿದ್ದಾಗ ಒಮ್ಮೆಗೇ ಅವಕಾಶ ಸಿಕ್ಕಿ ಮೇಲೆ ಬಂದವರ ಕಥೆಗಳನ್ನೂ ಮಗಳು ಹೇಳುತ್ತಿರುತ್ತಾಳೆ.

— ಆಸ್ಟ್ರಿಡ್ ವಾರ್ನೈ ಕಥೆ ಹೇಳಿರಬೇಕು. 1941ರ ಡಿಸೆಂಬರ್ 6. ಲೊಟ್ಟೆ ಲೆಹ್ಮನ್‌ಗೆ ಆರೋಗ್ಯ ಸರಿಯಿಲ್ಲ ಎಂದು ಇಪ್ಪತ್ತಮೂರರ ಈ ಹುಡುಗಿಯನ್ನು ತಾಲೀಮೇ ಇಲ್ಲದೆ ಮೆಟ್ರೊಪಾಲಿಟನ್ ರಂಗಕ್ಕೆ ಕಳಿಸಿದರು. ವಾಗ್ನರ್‌ನ ‘ವಾಲ್ಕ್ಯೂರೆ’ಯ ಸೀಗ್ಲಿಂಡೆ ಹಾಡಿದಳು. ಆರು ದಿನದ ನಂತರ ಅದೇ ಒಪೆರಾದ ಬ್ರುನ್‌ಹಿಲ್ಡೆಗೂ ಬದಲಿ ಬೇಕಾಯಿತು, ಅದನ್ನೂ ಹಾಡಿದಳು. ನಾನು ಹೇಳಿದ ವಯಸ್ಸಿನ ಲೆಕ್ಕಕ್ಕೆ ಅವಳು ನೇರ ವಿರುದ್ಧ ಸಾಕ್ಷಿ. ಆಮೇಲೆ ದಶಕಗಳ ಕಾಲ ಹಾಡಿದಳು, ಕಂಠ ಇಳಿದಾಗ ಮೆಟ್ಸೊ ಪಾತ್ರಗಳಿಗೆ ಬಂದು ಮತ್ತೆ ಹೊಸಬಳಾದಳು. ಕಂಠಕ್ಕೆ ಸೂತ್ರ ಇಲ್ಲ, ಒಬ್ಬೊಬ್ಬರ ದೇಹ ಒಂದೊಂದು. ಆದರೆ ಅವಕಾಶ ಬಂದ ರಾತ್ರಿ ಅವಳಿಗೆ ಪಾತ್ರ ಬರುತ್ತಿತ್ತು, ಅದನ್ನು ಮರೆಯಬಾರದು. ತಾಯಿ ಗಾಯಕಿ, ಅವರೇ ಮೊದಲ ಗುರು. ನಂತರ ಮೆಟ್‌ನಲ್ಲಿ ತಾಲೀಮು ಮಾಡಿಸುತ್ತಿದ್ದ ಹರ್ಮನ್ ವೈಗರ್ಟ್ ಬಳಿ ವಾಗ್ನರ್‌ನ ಪಾತ್ರಗಳನ್ನು ಒಂದೊಂದಾಗಿ ಪಿಯಾನೊ ಪಕ್ಕದಲ್ಲಿ ನಿಂತು ಕಲಿತಿದ್ದಳು. ನನ್ನ ವೃತ್ತಿಯವರ ಹೆಸರು ಪೋಸ್ಟರಿನಲ್ಲಿ ಬರುವುದಿಲ್ಲ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ.

— ಒಂದು ಕೇಳಲೇಬೇಕು. ನಮ್ಮ ಬಣ್ಣದ ಹುಡುಗಿಯನ್ನು ಅವರು ರಾಜಕುಮಾರಿಯ ಪಾತ್ರಕ್ಕೆ ನಿಲ್ಲಿಸುತ್ತಾರೆಯೇ?

— ಇವತ್ತು ನಿಲ್ಲಿಸುತ್ತಾರೆ. ಎಲ್ಲ ಕಡೆ, ಎಲ್ಲರೂ ಎನ್ನಲಾರೆ. ಮುಂಬೈಯಲ್ಲಿ ಹುಟ್ಟಿದ ಪೆಟ್ರಿಷಿಯಾ ರೊಜಾರಿಯೊ ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ ಓದಿ ಬೆಳೆದರು. ಜಾನ್ ಟ್ಯಾವೆನರ್ ಅವರ ಕಂಠ ಮೆಚ್ಚಿ ಅದಕ್ಕೆಂದೇ ಬರೆದರು. ಈಗ ಭಾರತಕ್ಕೆ ಬಂದು ನಮ್ಮ ಮಕ್ಕಳಿಗೆ ಪಾಠ ಹೇಳುತ್ತಾರೆ, ನಿನ್ನ ಮಗಳು ಅವರ ತರಗತಿಗೆ ಹೋಗಲಿ. ಮೊದಲು ಹೀಗಿರಲಿಲ್ಲ. ಅಮೆರಿಕದ ಮರಿಯನ್ ಆಂಡರ್ಸನ್‌ಗೆ ಯುರೋಪೇ ತಲೆಬಾಗಿತ್ತು; ಕಪ್ಪು ಗಾಯಕಿ ಎಂಬ ಕಾರಣಕ್ಕೆ ತನ್ನ ದೇಶದ ಮುಖ್ಯ ಒಪೆರಾ ರಂಗ ಮಾತ್ರ ಮುಚ್ಚಿತ್ತು. 1955ರ ಜನವರಿ 7ರಂದು ತೆರೆಯಿತು. ಆಗ ಅವಳಿಗೆ ಐವತ್ತೇಳು. ಕಂಠ ತುಂಬಿದ್ದ ಇಪ್ಪತ್ತು ವರ್ಷ ಆಗಲೇ ಹೋಗಿತ್ತು. ಹಾಡುವವರ ವಿಷಯದಲ್ಲಿ ಅನ್ಯಾಯವನ್ನು ತಡವಾಗಿ ಸರಿಪಡಿಸಲು ಬರುವುದಿಲ್ಲ. ಆ ಇಪ್ಪತ್ತು ವರ್ಷಗಳಲ್ಲಿ ಆ ರಂಗದ ಮೇಲೆ ಆಂಡರ್ಸನ್ ಹೇಗೆ ಹಾಡುತ್ತಿದ್ದಳು ಎಂದು ಕೇಳಿ ಉತ್ತರ ಪಡೆಯುವ ದಾರಿ ಇಲ್ಲ.

— ಕಾಯಬೇಕು ಎಂದೂ ಹೇಳುತ್ತೀ, ಕಾಯಿಸಿದ್ದು ಅನ್ಯಾಯ ಎಂದೂ ಹೇಳುತ್ತೀ.

— ಎರಡೂ ಬೇರೆ. ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್‌ಳನ್ನು ತೆಗೆದುಕೋ. ನಾರ್ವೆಯವಳು, ತಂದೆ ವಾದ್ಯವೃಂದ ನಡೆಸುವವರು, ತಾಯಿ ನನ್ನ ಹಾಗೆ ತಾಲೀಮಿನ ಪಿಯಾನೊ ನುಡಿಸುವವರು. 1913ರಲ್ಲಿ ಹದಿನೆಂಟಕ್ಕೆ ರಂಗಕ್ಕೆ ಬಂದಳು. ಸುಮಾರು ಇಪ್ಪತ್ತು ವರ್ಷ ಸ್ಕ್ಯಾಂಡಿನೇವಿಯಾ ಬಿಟ್ಟು ಹೋಗದೆ ಒಪೆರೆಟ್ಟಾ, ಹಗುರ ಪಾತ್ರ, ಮಧ್ಯಮ ಪಾತ್ರ ಎಂದು ಹಾಡಿಕೊಂಡಿದ್ದಳು. ಮೊದಲ ಇಸೋಲ್ಡೆ 1932ರಲ್ಲಿ. 1935ರ ಫೆಬ್ರವರಿ 2ರಂದು ನ್ಯೂಯಾರ್ಕಿನಲ್ಲಿ ಸೀಗ್ಲಿಂಡೆ ಹಾಡಿದಾಗ ಮೂವತ್ತೊಂಬತ್ತು. ಅಲ್ಲಿ ಯಾರಿಗೂ ಅವಳ ಹೆಸರು ಗೊತ್ತಿರಲಿಲ್ಲ. ನಾಲ್ಕು ದಿನ ಬಿಟ್ಟು ಇಸೋಲ್ಡೆ. ಶತಮಾನದ ವಾಗ್ನರ್ ಕಂಠ ಎಂದು ಜನ ಬೆರಗಾದರು. ಅವಳು ಆ ಇಪ್ಪತ್ತು ವರ್ಷ ದಿನವೂ ಹಾಡುತ್ತಿದ್ದಳು, ಕಂಠ ತನ್ನ ಪಾಡಿಗೆ ತುಂಬುತ್ತಿತ್ತು. ಇಪ್ಪತ್ತೈದರಲ್ಲೇ ಯಾರಾದರೂ ಹೊಗೆ ಹಾಕಿ ಹಣ್ಣು ಮಾಡಿದ್ದರೆ ನಮಗೆ ಫ್ಲಾಗ್‌ಸ್ಟಾಡ್ ಸಿಗುತ್ತಿರಲಿಲ್ಲ. ಆಂಡರ್ಸನ್‌ಗೆ ಹಾಡುವ ರಂಗವನ್ನೇ ಕೊಡಲಿಲ್ಲ. ಮಾಗಲು ಬಿಡುವುದಕ್ಕೂ ಬಾಗಿಲು ಹಾಕುವುದಕ್ಕೂ ಅಷ್ಟು ಅಂತರ.

— ಫ್ಲಾಗ್‌ಸ್ಟಾಡ್ ಹೆಸರು ಮೈಸೂರಿನಲ್ಲಿ ಕೇಳಿದ ನೆನಪು.

— ಕೇಳಿರಲೇಬೇಕು. ರಿಚರ್ಡ್ ಸ್ಟ್ರಾಸ್ ತನ್ನ ಕೊನೆಯ ಹಾಡುಗಳನ್ನು ಅವಳೇ ಮೊದಲು ಹಾಡಬೇಕೆಂದು ಬಯಸಿ 1949ರಲ್ಲಿ ತೀರಿಕೊಂಡ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವ್ಯಾಂಗ್ಲರ್ ನಿರ್ದೇಶನದಲ್ಲಿ ಅವಳು ಹಾಡಿದಳು. ಆ ಕಛೇರಿಯ ಖರ್ಚಿಗೆ ಜಾಮೀನು ನಿಂತವರು ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು. ಅವರಿಗೆ ಲಂಡನ್ನಿಗೆ ಹೋಗಲಾಗಲಿಲ್ಲ, ಆ ಹಾಡುಗಾರಿಕೆಯ ಧ್ವನಿಮುದ್ರಣ ಉಳಿದುಕೊಂಡಿದೆ. ಅವಳಿಗೆ ಐವತ್ತನಾಲ್ಕು. ಮಗಳಿಗೆ ಅದನ್ನು ಕೇಳಿಸು. ಶಬ್ದ ಗರಗರ ಎನ್ನುತ್ತದೆ, ಆದರೂ ಆತುರವೇ ಇಲ್ಲದ ಆ ಕಂಠ ಹೇಗೆ ವಾದ್ಯಗಳ ಮೇಲೆ ನಿಲ್ಲುತ್ತದೆ ನೋಡಲಿ.

— ಅವಳೀಗ ‘ತೋಸ್ಕಾ’ದ ಹಾಡು ಅಭ್ಯಾಸ ಮಾಡುತ್ತಿದ್ದಾಳೆ, ಯೂಟ್ಯೂಬ್ ನೋಡಿಕೊಂಡು.

— ಇವತ್ತೇ ನಿಲ್ಲಿಸು. ಕೇಳಲಿ, ಹಾಡುವುದು ಬೇಡ. ಹಳೆಯ ಇಟಾಲಿಯನ್ ಹಾಡುಗಳು, ಎರಡು ಶುಬರ್ಟ್, ಮೊಜಾರ್ಟ್‌ನ ‘ಫಿಗರೊ’ದಲ್ಲಿ ಬಾರ್ಬರೀನಾಳ ಪುಟ್ಟ ಹಾಡು. ಅಷ್ಟು ಸಾಕು. ವಾರಕ್ಕೆ ಮೂರು ದಿನ ಜರ್ಮನ್ ತರಗತಿ, ಬಿ1 ಮಟ್ಟದ ಭಾಷಾ ಪ್ರಮಾಣಪತ್ರ ಕೈಯಲ್ಲಿರಲಿ. ಪಿಯಾನೊ ಬಿಡಬಾರದು, ಪ್ರವೇಶ ಪರೀಕ್ಷೆಯಲ್ಲಿ ಅದನ್ನೂ, ಸ್ವರ ಕೇಳಿ ಬರೆಯುವುದನ್ನೂ ನೋಡುತ್ತಾರೆ. ಗಂಟಲಿನ ವೈದ್ಯರಿಗೆ ಒಮ್ಮೆ ತೋರಿಸಿ ಧ್ವನಿತಂತುಗಳ ಚಿತ್ರ ತೆಗೆಸಿಟ್ಟುಕೋ. ಆರೋಗ್ಯವಾಗಿದ್ದಾಗಿನ ಚಿತ್ರ ಮುಂದೆ ತೊಂದರೆ ಬಂದಾಗ ಹೋಲಿಸಲು ಬೇಕಾಗುತ್ತದೆ. ಜರ್ಮನಿಯ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಬಹುತೇಕ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕುತ್ತದೆ. ಊಟ, ಬಾಡಿಗೆಯೇ ದೊಡ್ಡ ಖರ್ಚು, ಅದಕ್ಕೆ ಈಗಿನಿಂದ ಕೂಡಿಡು.

— ಯಾವ ಕಾಲೇಜು ಎಂದು ಆರಿಸುವುದು ಹೇಗೆ?

— ಕಾಲೇಜನ್ನು ಆರಿಸಬೇಡ, ಗುರುವನ್ನು ಆರಿಸು. ಅಲ್ಲಿ ಐದಾರು ಜನ ಕಂಠದ ಅಧ್ಯಾಪಕರಿದ್ದರೆ ಪ್ರತಿಯೊಬ್ಬರ ಬಳಿಯೂ ಒಂದೊಂದು ಪಾಠಕ್ಕೆ ಮೊದಲೇ ಬರೆದು ಕೇಳಿ. ಪಾಠ ಮುಗಿದ ಮೇಲೆ ಮಗಳ ಗಂಟಲು ದಣಿದಿದ್ದರೆ ಅವರು ಬೇಡ. ಅವರ ಹಳೆಯ ಶಿಷ್ಯರು ಈಗ ಎಲ್ಲಿ ಹಾಡುತ್ತಿದ್ದಾರೆ, ಮೂವತ್ತೈದರಲ್ಲೂ ಹಾಡುತ್ತಿದ್ದಾರೆಯೇ ಎಂದು ವಿಚಾರಿಸಿ. ಇಪ್ಪತ್ತಕ್ಕೇ ದೊಡ್ಡ ಪಾತ್ರ ಕೊಡಿಸುತ್ತೇನೆ ಎಂದರೆ ಎದ್ದು ಬನ್ನಿ.

— ಈ ವರ್ಷವೇ ಅರ್ಜಿ ಹಾಕಲೇ?

— ಮುಂದಿನ ವರ್ಷ. ಜರ್ಮನ್ ಮೊದಲು ಬರಲಿ.